ಸತ್ತಿರಲಿಲ್ಲ, ಉತ್ತರವೂ ಇರಲಿಲ್ಲ

ರಾತ್ರಿ ನಮ್ಮ ಸರ್ವರ್‌ನಲ್ಲಿ ಒಂದು ಪ್ರೋಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ಹ್ಯಾಂಗ್ ಆಗಿತ್ತು. ಪಟ್ಟಿಯಲ್ಲಿ ನೋಡಿದರೆ ಓಡುತ್ತಲೇ ಇದೆ. ಆದರೆ ಯಾರಿಗೂ ಉತ್ತರ ಕೊಡುತ್ತಿಲ್ಲ. ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯಲ್ಲಿ ರೀಸ್ಟಾರ್ಟ್ ಸೆಟ್ಟಿಂಗ್ ಹಾಕಿದ್ದೆ. ಅದಷ್ಟೇ ಇದ್ದರೆ ಪ್ರೋಸೆಸ್ ಸತ್ತಾಗ ಮಾತ್ರ ಎಬ್ಬಿಸುತ್ತದೆ.

ಇವತ್ತು ಅದರಲ್ಲೇ ವಾಚ್‌ಡಾಗ್ ಎಂಬ ಕಾವಲು ಸೇರಿಸಿದೆ. ಈಗ ಪ್ರೋಸೆಸ್ 15 ಸೆಕೆಂಡಿಗೊಮ್ಮೆ ‘ಇದ್ದೇನೆ’ ಅಂತ ಹೇಳಬೇಕು. 30 ಸೆಕೆಂಡ್ ಸದ್ದೇ ಇಲ್ಲದಿದ್ದರೆ ಸಿಸ್ಟಮ್‌ಡಿ ಅದನ್ನು ಕೊಂದು ಮತ್ತೆ ಶುರು ಮಾಡುತ್ತದೆ. ಆ ‘ಇದ್ದೇನೆ’ ನಿಜವಾದ ಕೆಲಸವನ್ನು ಮತ್ತೆ ಮತ್ತೆ ಮಾಡುವ ಲೂಪಿನಿಂದಲೇ ಬರಬೇಕು. ಅದೇ ಪ್ರೋಗ್ರಾಂನಲ್ಲಿ ಪಕ್ಕದಲ್ಲಿ ಓಡುವ ಬೇರೆ ಥ್ರೆಡ್‌ನಿಂದ ಸುಮ್ನೆ ಕಳಿಸಿದರೆ, ಒಳಗೆ ಕೆಲಸ ನಿಂತಿದ್ದರೂ ಗೊತ್ತಾಗುವುದಿಲ್ಲ, ಅಲ್ವಾ?

ಕೋಡ್ ಬರೆಯುವಾಗ ಒಬ್ಬ ಗೆಳೆಯ ನೆನಪಾದ. ದಿನಾ ಆನ್‌ಲೈನ್ ಕಾಣಿಸುತ್ತಾನೆ. ಮಾತಾಡಿ ತಿಂಗಳಾಯಿತು. ಸಂಜೆ ಫೋನ್ ಮಾಡುತ್ತೇನೆ.