ಅಟ್ಟದ ಮೇಲಿದ್ದ ಸ್ಪ್ರಿಂಗು ವಾಪಸ್ ಗಾಡಿಗೆ

15 ಜೂನ್ 2025, ಭಾನುವಾರ ರಾತ್ರಿ

ಇವತ್ತು ಮಂಡ್ಯದಿಂದ ಅಮ್ಮನ್ನ ಕರ್ಕೊಂಡು ಬಂದೆ. ನಿನ್ನೆ ಇಡೀ ದಿನ ಗ್ಯಾರೇಜಲ್ಲೇ ಕಳೀತು, ಕೈಯಲ್ಲಿ ಇನ್ನೂ ಗ್ರೀಸ್ ವಾಸನೆ ಇದೆ, ಆದ್ರೂ ಮಲಗೋ ಮುಂಚೆ ಬರೆದಿಡ್ತೀನಿ, ಯಾಕಂದ್ರೆ ನಾಲ್ಕು ತಿಂಗಳಿಂದ ಗಾಡಿಯ ಸಸ್ಪೆನ್ಷನ್ (ರೋಡಿನ ಏಟು ತಡ್ಕೊಳ್ಳೋ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಅಂದ್ರೆ ಶಾಕ್ಸು) ಹಿಂದೆ ಬಿದ್ದು ತಿಳ್ಕೊಂಡಿದ್ದು ಮರೆತು ಹೋಗಬಾರದು, ನನ್ನ ಥರಾನೇ ಚುರುಕಾದ ಗಾಡಿ ಇಟ್ಕೊಂಡು ದಿನಾ ಆಫೀಸಿಗೆ ಅದರಲ್ಲೇ ಓಡಾಡೋರಿಗೂ ಉಪಯೋಗ ಆಗಬಹುದು.

ಗಾಡಿ 2016ರ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೋ, 105 ಪಿಎಸ್, ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್. 2022ರಲ್ಲಿ ಇಲ್ಲಿ ಪೋಲೋ ತಯಾರಿಕೆ ನಿಂತಮೇಲೆ ಇದನ್ನ ಮಾರೋ ಯೋಚನೇನೇ ಬಿಟ್ಟಿದೀನಿ. ನಾಲ್ಕು ವರ್ಷದ ಹಿಂದೆ ಕಾಯ್ಲೋವರ್ (ಗಾಡಿ ತಗ್ಗಿಸೋಕೆ ಹಾಕೋ ಗಟ್ಟಿ ಸ್ಪ್ರಿಂಗು-ಶಾಕ್ಸಿನ ಸೆಟ್ಟು) ಹಾಕ್ಸಿ ಗಾಡಿ ಎತ್ತರ 40 ಎಂಎಂ ಇಳಿಸಿದ್ದೆ, 17 ಇಂಚಿನ ಅಲಾಯ್, 205/45 ಟೈರು. ಶಿರಾಡಿ ಘಾಟಲ್ಲಿ ತಿರುವಿಗೆ ಹಾಕಿದ್ರೆ ಅಂಟ್ಕೊಂಡಂಗೆ ಹೋಗೋದು, ಆ ಖುಷಿ ಸುಳ್ಳಲ್ಲ. ಆದ್ರೆ ಘಾಟಿಗೆ ಹೋಗೋದು ವರ್ಷಕ್ಕೆ ಮೂರು ಸಲ, ಉತ್ತರಹಳ್ಳಿಯಿಂದ ಆಫೀಸಿಗೆ ಹೋಗೋದು ವಾರಕ್ಕೆ ಐದು ಸಲ. ಫೆಬ್ರವರಿಯಲ್ಲಿ ಅಮ್ಮನಿಗೆ ಸೊಂಟದ ಡಿಸ್ಕ್ ತೊಂದರೆ ಅಂತ ಗೊತ್ತಾಯ್ತು, ಡಾಕ್ಟರ ಹತ್ರ ಕರ್ಕೊಂಡು ಹೋಗಿ ವಾಪಸ್ ಬರುವಾಗ ಹಿಂದಿನ ಸೀಟಿಂದ ಅಂದ್ರು, "ಇದಕ್ಕಿಂತ ಆಟೋನೇ ವಾಸಿ ಕಣಪ್ಪ, ಒಂದೊಂದು ಹಂಪಿಗೂ ಬೆನ್ನಿಗೆ ಗುದ್ದಿದಂಗಾಗುತ್ತೆ." ಅವತ್ತೇ ಬದಲಾಯಿಸಬೇಕು ಅಂತ ತೀರ್ಮಾನ ಆಯ್ತು. ಏನನ್ನ ಬದಲಾಯಿಸಬೇಕು ಅನ್ನೋದು ಗೊತ್ತಾಗೋಕೆ ಇಷ್ಟು ದಿನ ಹಿಡೀತು.

ಮೊದಲು ಎಲ್ಲರೂ ಹೇಳೋದನ್ನೇ ಮಾಡ್ದೆ, ಶಾಕ್ಸ್ ಮೇಲಿರೋ ತಿರುಪು ತಿರುಗಿಸಿ ಪೂರ್ತಿ ಸಾಫ್ಟ್ ಇಟ್ಟೆ. ಮೊದಲನೇ ದಿನ ಪರವಾಗಿಲ್ಲ ಅನ್ನಿಸ್ತು. ಎರಡನೇ ದಿನ ನೈಸ್ ರೋಡಲ್ಲಿ 80ರಲ್ಲಿ ಹೋಗ್ತಾ ಇದ್ರೆ ಗಾಡಿ ಒಂದು ಏರಿಳಿತಕ್ಕೆ ಎದ್ದಿದ್ದು ಮೂರು ಸಲ ಕುಣಿದು ಆಮೇಲೆ ನಿಲ್ತಿತ್ತು. ಸ್ಪ್ರಿಂಗ್ ಗಟ್ಟಿ ಇದ್ದಷ್ಟೂ ಅದು ವಾಪಸ್ ಚಿಮ್ಮೋ ರಭಸ ಜಾಸ್ತಿ, ಅದನ್ನ ಹಿಡ್ಕೊಳ್ಳೋ ಕೆಲಸ ಶಾಕ್ಸ್‌ದು, ಆ ಹಿಡಿತವನ್ನೇ ಸಡಿಲ ಮಾಡಿದ್ರೆ ಗುದ್ದು ಅಷ್ಟೇ ಇರುತ್ತೆ, ಮೇಲಿಂದ ಕುಣಿತ ಬೇರೆ ಸೇರ್ಕೊಳ್ಳುತ್ತೆ. ಹಂಗಂತ ಪೂರ್ತಿ ಟೈಟ್ ಮಾಡಿದ್ರೆ ಇನ್ನೊಂದು ಥರದ ಕಷ್ಟ: ಚಕ್ರ ಒಂದು ಗುಂಡಿಯಿಂದ ಪೂರ್ತಿ ಕೆಳಗೆ ಬಿಚ್ಕೊಳ್ಳೋದ್ರೊಳಗೆ ಮುಂದಿನ ಗುಂಡಿ ಬಂದಿರುತ್ತೆ, ಗಾಡಿ ಹಂತಹಂತವಾಗಿ ಕೂತ್ಕೊಂಡು ಹೋಗುತ್ತೆ, ಕೊನೆಗೆ ಒಳಗೆ ಹೋಗೋಕೆ ಜಾಗಾನೇ ಉಳಿಯಲ್ಲ.

ಆಮೇಲೆ ಟೈರಿಗೆ ಕೈ ಹಾಕ್ದೆ. 17 ಇಂಚು ಮಾರಿ 195/55 ಆರ್16 ಹಾಕ್ಸಿದೆ. 205/45ರಲ್ಲಿ ಟೈರಿನ ಪಕ್ಕದ ಗೋಡೆ 92 ಎಂಎಂ, ಇದರಲ್ಲಿ 107, ಇಡೀ ಚಕ್ರದ ಎತ್ತರ ನೋಡಿದ್ರೆ ಐದು ಎಂಎಂ ಕೂಡ ವ್ಯತ್ಯಾಸ ಇಲ್ಲ. ಗಾಳಿಯೂ ಬಾಗಿಲ ಹತ್ರ ಸ್ಟಿಕರಲ್ಲಿ ಇರೋ ಲೆಕ್ಕಕ್ಕೆ, ಬೆಳಿಗ್ಗೆ ಟೈರ್ ತಣ್ಣಗಿರುವಾಗ. ಇದರಿಂದ ನಿಜವಾಗ್ಲೂ ಲಾಭ ಆಯ್ತು. ಕಿತ್ತೋದ ಟಾರಿನ ಅಂಚು, ಮ್ಯಾನ್‌ಹೋಲ್ ಮುಚ್ಚಳ, ಇಂಥ ಚುಚ್ಚೋ ಏಟೆಲ್ಲ ಕಡಿಮೆ ಆಯ್ತು. ಆದ್ರೆ ಹಂಪಿನ ಗುದ್ದು ಹಂಗೇ ಇತ್ತು! ಅಲ್ಲಿಗೆ ಎರಡೂ ಬೇರೆ ಬೇರೆ ಕಾಯಿಲೆ ಅಂತ ಗೊತ್ತಾಯ್ತು. ಸಣ್ಣ ಚೂಪಾದ ಏಟನ್ನ ಟೈರ್ ನುಂಗುತ್ತೆ, ದೊಡ್ಡದನ್ನ ನುಂಗೋಕೆ ಬೇರೆ ಏನೋ ಬೇಕು.

ಅದು ಏನು ಅಂತ ತೋರಿಸಿದ್ದು ಒಂದು ಝಿಪ್ ಟೈ, ವೈರ್ ಕಟ್ಟೋ ಪ್ಲಾಸ್ಟಿಕ್ ಪಟ್ಟಿ. ಮುಂದಿನ ಶಾಕ್ಸಿನ ರಾಡಿಗೆ ಒಂದು ಝಿಪ್ ಟೈ ಬಿಗಿಯಾಗಿ ಕಟ್ಟಿ ಕೆಳಗೆ ಸೀಲಿಗೆ ತಾಗೋ ಹಂಗೆ ತಳ್ಳಿಟ್ಟೆ. ಸಸ್ಪೆನ್ಷನ್ ಒಳಗೆ ಹೋದಾಗ ಅದು ಮೇಲಕ್ಕೆ ಜಾರುತ್ತೆ, ಎಲ್ಲಿವರೆಗೆ ಹೋಗಿತ್ತೋ ಅಲ್ಲೇ ನಿಲ್ಲುತ್ತೆ. ಮನೆಯಿಂದ ಸರ್ಕಲ್‌ವರೆಗೆ ಹೋಗಿ ಬಂದೆ, ಎರಡು ಕಿಲೋಮೀಟರ್ ಇರಬಹುದು, ನಾಲ್ಕು ಹಂಪು, ಎಲ್ಲೂ 30 ದಾಟಿಲ್ಲ. ಬಂದು ಚಕ್ರ ಬಿಚ್ಚಿ ನೋಡಿದ್ರೆ ಟೈ ಬಂಪ್ ಸ್ಟಾಪಿಗೆ (ಸಸ್ಪೆನ್ಷನ್ ಪೂರ್ತಿ ಒಳಗೆ ಹೋದಾಗ ಕೊನೆಗೆ ತಡೆಯೋ ಮೆತ್ತೆ) ಒತ್ಕೊಂಡು ಕೂತಿದೆ. ಅಂದ್ರೆ ನಾಲ್ಕು ವರ್ಷದಿಂದ ಪ್ರತಿ ಹಂಪಲ್ಲೂ ಗಾಡಿ ಸ್ಪ್ರಿಂಗಿನ ಮೇಲಲ್ಲ, ಬಂಪ್ ಸ್ಟಾಪ್ ತುಂಡಿನ ಮೇಲೆ ಬೀಳ್ತಾ ಇತ್ತು, ಅಮ್ಮನ ಬೆನ್ನಿಗೆ ಗುದ್ದಿದಂಗಾಗಿದ್ದು ಅದೇ. ಅವತ್ತು ಆ ಚಕ್ರದ ಪಕ್ಕದಲ್ಲಿ ಕೂತು ನನಗೆ ತುಂಬಾ ಬೇಜಾರಾಯ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಮುಂದಿನ ಒಂದೊಂದು ಸ್ಪ್ರಿಂಗಿನ ಮೇಲೆ ಅಂದಾಜು 300 ಕೆಜಿ ಕೂತಿದೆ ಅಂತ ಇಟ್ಕೊಳ್ಳಿ. ನನ್ನ ಕಾಯ್ಲೋವರ್ ಸ್ಪ್ರಿಂಗು ಒಂದು ಎಂಎಂ ಒತ್ತೋಕೆ 5 ಕೆಜಿ ಬೇಕು ಅನ್ನೋದು. ಆ ಲೆಕ್ಕದಲ್ಲಿ ಗಾಡಿ ಸೆಕೆಂಡಿಗೆ ಸುಮಾರು ಎರಡು ಸಲ ಮೇಲೆ ಕೆಳಗೆ ಆಡುತ್ತೆ, ಅಂದ್ರೆ 2 ಹರ್ಟ್ಸ್. ಮನೆಮಂದಿ ಓಡಾಡೋ ಸಾಮಾನ್ಯ ಕಾರುಗಳು 1ರಿಂದ 1.5ರ ಒಳಗೆ ಇರ್ತವೆ. 1.3ಕ್ಕೆ ಬರಬೇಕು ಅಂದ್ರೆ 5 ಕೆಜಿ ಇದ್ದ ಕಡೆ 2 ಕೆಜಿ ಸ್ಪ್ರಿಂಗ್ ಬೇಕು. ಆದ್ರೆ ಮೆತ್ತಗಿನ ಸ್ಪ್ರಿಂಗು ಅದೇ ಹಂಪಿಗೆ ಜಾಸ್ತಿ ಒಳಗೆ ಹೋಗುತ್ತೆ, ಅದಕ್ಕೆ ಓಡಾಡೋಕೆ ಜಾಗ ಬೇಕು, 40 ಎಂಎಂ ಇಳಿಸಿದ ಗಾಡಿಯಲ್ಲಿ ಆ ಜಾಗ ಎಲ್ಲಿಂದ ಬರುತ್ತೆ? ಇಳಿಸಿದ ಗಾಡಿಗೆ ಗಟ್ಟಿ ಸ್ಪ್ರಿಂಗ್ ಹಾಕೋದೇ ಇದಕ್ಕೆ. ಎತ್ತರ ವಾಪಸ್ ಕೊಡದೇ ಆರಾಮ ವಾಪಸ್ ಬರಲ್ಲ, ಎಷ್ಟು ದುಡ್ಡು ಸುರಿದ್ರೂ ಅಷ್ಟೇ.

ಒಂದು ಅಂಗಡಿಯಲ್ಲಿ ಸಲಹೆ ಕೊಟ್ರು, "ಅಮ್ಮ ಕೂರೋದು ಹಿಂದೆ ತಾನೇ ಸಾರ್, ಹಿಂದಿನ ಎರಡು ಸ್ಪ್ರಿಂಗ್ ಮಾತ್ರ ಮೆತ್ತಗಿರೋದು ಹಾಕಿಬಿಡೋಣ, ಖರ್ಚು ಅರ್ಧ." ಒಂದು ವಾರ ನಾನೂ ಅದನ್ನೇ ನಂಬಿದ್ದೆ. ಆದ್ರೆ ಹಂಪು ಮೊದಲು ಸಿಗೋದು ಮುಂದಿನ ಚಕ್ರಕ್ಕೆ, ಹಿಂದಿನದಕ್ಕೆ ಸ್ವಲ್ಪ ತಡವಾಗಿ. ಹಿಂದಿನ ಸ್ಪ್ರಿಂಗು ಮುಂದಿನದಕ್ಕಿಂತ ಒಂಚೂರು ಬೇಗ ಆಡಿದ್ರೆ ಮಾತ್ರ ಆ ತಡವನ್ನ ಹಿಡಿದು ಎರಡೂ ತುದಿ ಒಟ್ಟಿಗೆ ಏರಿಳೀತವೆ. ಹಿಂದೆ ಮೆತ್ತಗೆ ಮಾಡಿದ್ರೆ ಗಾಡಿ ಮುಂದೆ ಹಿಂದೆ ತೊನೆಯುತ್ತೆ, ಹಿಂದೆ ಕೂತೋರಿಗೆ ಹೊಟ್ಟೆ ತೊಳಸುತ್ತೆ. 1930ರ ದಶಕದಲ್ಲೇ ಜನರಲ್ ಮೋಟರ್ಸ್‌ನಲ್ಲಿ ಮಾರಿಸ್ ಆಲಿ ಅನ್ನೋ ಎಂಜಿನಿಯರ್ ಇದನ್ನ ಪ್ರಯೋಗ ಮಾಡಿ ಕಂಡ್ಕೊಂಡಿದ್ರು. ಕಂಪನಿಯವರು ಈ ಜೋಡಿ ಕೂಡಿಸೋಕೆ ಎಷ್ಟು ಒದ್ದಾಡಿರ್ತಾರೋ, ಅದನ್ನ ಅರ್ಧಕ್ಕೆ ಕೆಡಿಸೋದು ಸರಿ ಅನ್ನಿಸಲಿಲ್ಲ.

ಹಂಗಾಗಿ ಸ್ಪ್ರಿಂಗ್ ನಾಲ್ಕೂ ಕಂಪನಿಯದೇ ಅಂತ ಆಯ್ತು. ಪುಣ್ಯಕ್ಕೆ ಹಳೇವು ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೆ, ತುಕ್ಕು ಹಿಡಿದಿರಲಿಲ್ಲ. ಇನ್ನು ಶಾಕ್ಸ್. ಬಿಲ್‌ಸ್ಟೀನ್ ಅನ್ನೋ ಬ್ರ್ಯಾಂಡಿಂದು ನೋಡಿದ್ರೆ ಬಿ4 ಕಂಪನಿ ಶಾಕ್ಸಿಗೆ ಬದಲಿ, ಬಿ6 ಕಂಪನಿ ಎತ್ತರಕ್ಕೇ ಆದ್ರೆ ಗಟ್ಟಿ, ಬಿ8 ಇಳಿಸಿದ ಗಾಡಿಗೆ ಅಂತ ಗಿಡ್ಡ ಮಾಡಿದ್ದು. ಬಿ8 ನನಗೆ ಬೇಡವೇ ಬೇಡ. ಆಫೀಸಿನ ಗೆಳೆಯ ಒಬ್ಬ ಪೋಲೋಗೆ ಕಂಪನಿ ಸ್ಪ್ರಿಂಗ್ ಜೊತೆ ಬಿ6 ಹಾಕಿದಾನೆ, ಓಡಿಸಿ ನೋಡು ಅಂತ ಕೊಟ್ಟ. 100ರಲ್ಲಿ ಏನು ಸ್ಥಿರವಾಗಿ ಹೋಗುತ್ತೆ ಅಂತೀರಿ, ನನಗೊಬ್ಬನಿಗೇ ಗಾಡಿ ಆಗಿದ್ರೆ ಕಣ್ಣು ಮುಚ್ಚಿ ಅದನ್ನೇ ತಗೋತಿದ್ದೆ. ಆದ್ರೆ 20-30ರಲ್ಲಿ ಕಿತ್ತೋದ ರೋಡಲ್ಲಿ ಸಣ್ಣ ನಡುಕ ಸೀಟಿಗೆ ಬರುತ್ತೆ. ಅದು ಒಂದೇ ಕೊಳವೆಯ, ಜಾಸ್ತಿ ಒತ್ತಡದ ಗ್ಯಾಸ್ ಇರೋ ಶಾಕ್ಸ್, ಸೀಲ್ ಬಿಗಿಯಾಗಿ ಹಿಡ್ಕೊಂಡಿರುತ್ತೆ, ಸಣ್ಣ ಅಲುಗಾಟಕ್ಕೆ ಬೇಗ ಬಿಟ್ಟುಕೊಡಲ್ಲ. ನನ್ನ ದಿನದ ಮುಕ್ಕಾಲು ಓಡಾಟ ಅದೇ ವೇಗದಲ್ಲಿ. ಅದಕ್ಕೆ ಎರಡು ಕೊಳವೆಯ ಬಿ4 ತಗೊಂಡೆ.

ಅದರ ಜೊತೆ ಸ್ಟ್ರಟ್ ಮೌಂಟು, ಬೇರಿಂಗು, ಬಂಪ್ ಸ್ಟಾಪ್, ಧೂಳಿನ ಕವರ್, ಲೋಯರ್ ಆರ್ಮಿನ ರಬ್ಬರ್ ಬುಷ್, ಲಿಂಕ್ ರಾಡ್ ಎಲ್ಲ ಹೊಸದು, ಜೆಸಿ ರೋಡಲ್ಲಿ ಎರಡು ಶನಿವಾರ ಅಲೆದು ಹೊಂದಿಸಿದ್ದು. ಸವೆದ ಮೌಂಟ್ ಬಿಟ್ಟು ಹೊಸ ಶಾಕ್ಸ್ ಹಾಕೋದು ದುಡ್ಡು ಹಾಳು. ನಿನ್ನೆ ಗಾಡಿ ಲಿಫ್ಟ್ ಮೇಲೆ ಇರುವಾಗಲೇ ಹುಡುಗ ಬುಷ್ ಬೋಲ್ಟ್ ಕೊನೇ ಟೈಟ್ ಮಾಡೋಕೆ ಹೊರಟ, ನಾನು "ಬೇಡ, ಚಕ್ರ ನೆಲಕ್ಕೆ ಕೂತ ಮೇಲೆ ಮಾಡೋಣ" ಅಂದೆ. ಮೇಸ್ತ್ರಿ ಒಂದು ಕ್ಷಣ ನೋಡಿ, "ಅವರು ಹೇಳ್ತಿರೋದು ಕರೆಕ್ಟ್ ಕಣೋ, ನೇತಾಡುವಾಗ ಟೈಟ್ ಮಾಡಿದ್ರೆ ರಬ್ಬರ್ ತಿರುಚ್ಕೊಂಡೇ ಇರುತ್ತೆ, ಬೇಗ ಹರೀತದೆ" ಅಂತ ಹುಡುಗನಿಗೆ ಹೇಳಿಕೊಟ್ರು. ಅಂಥ ಮೇಸ್ತ್ರಿ ಸಿಕ್ಕಿದ್ದು ನನಗೆ ದೊಡ್ಡ ಸಮಾಧಾನ.

ಇವತ್ತು ಹೋಗುವಾಗ ಎಕ್ಸ್‌ಪ್ರೆಸ್‌ವೇ ಹಿಡಿದೆ, ಬರುವಾಗ ಬೇಕಂತಲೇ ಚನ್ನಪಟ್ಟಣದ ಹತ್ರ ಸರ್ವೀಸ್ ರೋಡಿಗೆ ಇಳಿದೆ. ತಿರುವಲ್ಲಿ ಗಾಡಿ ಮೊದಲಿಗಿಂತ ವಾಲುತ್ತೆ, ಅದು ನಿಜ, ಸ್ಟೇರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗೋ ಆ ಚುರುಕು ಸ್ವಲ್ಪ ಹೋಗಿದೆ. ಆದ್ರೆ ವಾಲಿದ ಮೇಲೆ ಒಂದೇ ಸಲಕ್ಕೆ ನಿಲ್ಲುತ್ತೆ, ತಿರುವಿನ ಮಧ್ಯೆ ಗುಂಡಿ ಬಂದ್ರೂ ಚಕ್ರ ನೆಲ ಬಿಡಲ್ಲ, ಮೊದಲು ಅಲ್ಲಿ ಹಿಂಭಾಗ ಪಕ್ಕಕ್ಕೆ ಹಾರ್ತಿತ್ತು. ಇಂಥ ರೋಡಲ್ಲಿ ಈಗಲೇ ವೇಗವಾಗಿ, ಧೈರ್ಯವಾಗಿ ಓಡಿಸಬಹುದು ಅನ್ನಿಸ್ತು. ಅಮ್ಮ ಬಿಡದಿವರೆಗೂ ಚಿಕ್ಕಮ್ಮನ ಮನೆ ವಿಚಾರ ಮಾತಾಡ್ತಾನೇ ಇದ್ರು, ಗಾಡಿ ಬಗ್ಗೆ ಒಂದು ಮಾತೂ ಆಡಲಿಲ್ಲ. ಮನೆ ಗೇಟಿನ ಮುಂದಿನ ಹಂಪು ದಾಟಿದ ಮೇಲೆ ಮಾತ್ರ "ಹಂಪು ತೆಗೆಸಿದ್ರಾ ಇಲ್ಲಿ?" ಅಂದ್ರು.

ಅವರನ್ನ ಒಳಗೆ ಬಿಟ್ಟು ಬಂದು ಚಕ್ರ ಪೂರ್ತಿ ತಿರುಗಿಸಿ ಟಾರ್ಚ್ ಹಾಕಿ ನೋಡ್ದೆ. ಹೊಸ ಶಾಕ್ಸಿಗೂ ಕಟ್ಟಿದ್ದ ಝಿಪ್ ಟೈ ಬಂಪ್ ಸ್ಟಾಪಿಗಿಂತ ಎರಡು ಬೆರಳು ಕೆಳಗೇ ನಿಂತಿದೆ. ಮುಂದಿನ ವಾರ ಹಿಂದೆ ಮೂರು ಜನರನ್ನ ಕೂರಿಸ್ಕೊಂಡು ಹಿಂದಿನ ಶಾಕ್ಸಿಗೂ ಒಂದು ಕಟ್ಟಿ ನೋಡಬೇಕು. ಬುಧವಾರ ಅಲೈನ್‌ಮೆಂಟು.