ನಾಲ್ಕು ಥರ್ಮಾಮೀಟರ್, ಒಂದು ಕಾವಲಿ: ಎರಡನೇ ವಾರ

ನೀರ್‌ದೋಸೆಗೆ ಕಾವಲಿ ಎಷ್ಟು ಕಾಯಬೇಕು ಅಂತ ಅಳೆಯಲು ಹೊರಟಿದ್ದೆ. ಸದ್ಯಕ್ಕೆ ಥರ್ಮಾಮೀಟರ್‌ಗಳನ್ನೇ ಅಳೆಯುತ್ತಾ ಕೂತಿದ್ದೇನೆ.

ಶನಿವಾರ

ಮೇಜಿನ ಮೇಲೆ ನಾಲ್ಕಿವೆ: ಕೆಂಪು ಆಲ್ಕೋಹಾಲ್ ತುಂಬಿದ ಗಾಜಿನ ಕಡ್ಡಿ, ಕೋಡ್ ಬರೆದು ಓದಬೇಕಾದ ಡಿಎಸ್18ಬಿ20 ಎಂಬ ಪುಟ್ಟ ಚಿಪ್ ಸೆನ್ಸರ್, ಮೀಟರ್‌ಗೆ ಸಿಕ್ಕಿಸುವ ಕೆ-ಟೈಪ್ ಥರ್ಮೋಕಪಲ್ ತಂತಿ, ಮುಟ್ಟದೆ ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಗನ್. ಒಂದೇ ಕೋಣೆ, ನಾಲ್ಕು ಲೆಕ್ಕ: 29, 29.4, 30.6, 31. ಯಾವುದನ್ನು ನಂಬೋದು? ಕರಗುತ್ತಿರುವ ಐಸ್‌ನಲ್ಲಿ 0 ತೋರಿಸಬೇಕಲ್ವಾ, ಅಲ್ಲಿಂದಲೇ ಶುರು ಮಾಡೋಣ ಅಂದುಕೊಂಡೆ.

ಮಲ್ಪೆಯಲ್ಲಿ ಮೀನು ತಂದಾಗ ಜೊತೆಗೆ ಸಿಕ್ಕ ಐಸ್ ಇತ್ತು. ಅದರಲ್ಲೇ ಅದ್ದಿದೆ. ಕಡ್ಡಿ -1.5, ಸೆನ್ಸರ್ -1.3. ಎರಡೂ ಕೆಟ್ಟಿವೆ ಅಂತ ಬೈದು ಮುಗಿಸಿದ ಮೇಲೆ ತಲೆಗೆ ಹೊಳೆಯಿತು: ಉಪ್ಪು! ಉಪ್ಪು ಸೇರಿದ ನೀರು 0ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಸಮುದ್ರದ ನೀರಾದರೆ ಸುಮಾರು -1.9ಕ್ಕೆ. ರುಚಿ ನೋಡಿ ಖಚಿತ ಮಾಡಿಕೊಳ್ಳಲು ಧೈರ್ಯ ಬರಲಿಲ್ಲ, ವಾಸನೆಯೇ ಸಾಕಿತ್ತು.

ಭಾನುವಾರ

ಫ್ರಿಜ್‌ನ ಐಸ್ ಕುಟ್ಟಿ, ಸ್ವಲ್ಪ ತಣ್ಣೀರು ಹಾಕಿ ಕಲಸಿದೆ. ಕಡ್ಡಿ 0.5. ಸೆನ್ಸರ್ 85! ಐಸ್‌ನಲ್ಲಿ 85 ಡಿಗ್ರಿ. ಇದು ಅದರ ಹಳೇ ಚಾಳಿಯಂತೆ. ಕರೆಂಟ್ ಕೊಟ್ಟ ಕೂಡಲೇ ಅದರೊಳಗೆ ಇರುವ ಸಂಖ್ಯೆಯೇ 85. ಸರಿಯಾಗಿ ಅಳೆಯಲು ಮುಕ್ಕಾಲು ಸೆಕೆಂಡ್ ಬೇಕು, ನನ್ನ ಕೋಡ್ ಅದಕ್ಕೂ ಮೊದಲೇ ಉತ್ತರ ಕೇಳುತ್ತಿತ್ತು. ಕಾಯುವ ಹಾಗೆ ಮಾಡಿದೆ, 0.2ಕ್ಕೆ ಬಂತು.

ಥರ್ಮೋಕಪಲ್ -2 ಅಂದಿತು. ಎರಡು ಲೋಹದ ತಂತಿಗಳ ಒಂದು ತುದಿಗೂ ಇನ್ನೊಂದಕ್ಕೂ ಇರುವ ಬಿಸಿಯ ವ್ಯತ್ಯಾಸ ಮಾತ್ರ ಅದಕ್ಕೆ ಗೊತ್ತು. ಆ ವ್ಯತ್ಯಾಸಕ್ಕೆ ತಕ್ಕಷ್ಟು ಸಣ್ಣ ವೋಲ್ಟೇಜ್ ಹುಟ್ಟುತ್ತದೆ, ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಪ್ಲಗ್ ಇರುವ ಈಚೆ ತುದಿ ಎಷ್ಟು ಬಿಸಿಯಿದೆ ಅಂತ ಮೀಟರ್ ತಾನೇ ನೋಡಿ ಕೂಡಿಸಬೇಕು. ನಾನೋ, ಮೀಟರನ್ನು ಒಲೆ ಪಕ್ಕ ಇಟ್ಟಿದ್ದೆ. ಪ್ಲಗ್ ಕಾದಿತ್ತು, ಒಳಗಿನ ಸೆನ್ಸರ್‌ಗೆ ಅದು ಇನ್ನೂ ತಿಳಿದಿರಲಿಲ್ಲ. ದೂರ ಇಟ್ಟು ಕಾಲು ಗಂಟೆ ಬಿಟ್ಟೆ, 0.4.

ಬುಧವಾರ

ಕುದಿಯುವ ನೀರು. ಗನ್‌ನಿಂದ ಸ್ಟೀಲ್ ಪಾತ್ರೆಯ ಹೊರಮೈಗೆ ಗುರಿಯಿಟ್ಟರೆ 43! ಹೊಳೆಯುವ ಸ್ಟೀಲ್ ತನ್ನ ಶಾಖವನ್ನು ಹೊರಗೆ ಸೂಸುವುದು ಕಡಿಮೆ, ಅಡುಗೆಮನೆ ಗೋಡೆಯ ಶಾಖವನ್ನು ಕನ್ನಡಿಯ ಹಾಗೆ ಗನ್‌ಗೆ ತೋರಿಸುವುದೇ ಜಾಸ್ತಿ. ಕಪ್ಪು ಇನ್ಸುಲೇಷನ್ ಟೇಪ್ ಒಂದು ತುಂಡು ಅಂಟಿಸಿದೆ, 94.

ಇಂದು ಬೆಳಿಗ್ಗೆ

ಕೊನೆಗೂ ಕಾವಲಿ. ಎಣ್ಣೆ ಕುಡಿದು ಕಪ್ಪಾದ ಕಬ್ಬಿಣ, ಟೇಪ್ ಬೇಕಿಲ್ಲ. ಗನ್ 211, ಒತ್ತಿ ಹಿಡಿದ ಥರ್ಮೋಕಪಲ್ 204. "ನೀರು ಚಿಮುಕಿಸಿ ನೋಡಿದ್ರೆ ಆಗ್ತಿತ್ತಲ್ಲ ಮಾರಾಯ್ರೆ" ಅಂದಳು ಹೆಂಡತಿ. ಚಿಮುಕಿಸಿದೆ. ಹನಿ ಚುಯ್ ಅಂತ ಆರಲಿಲ್ಲ, ತನ್ನದೇ ಆವಿಯ ಮೇಲೆ ಮುತ್ತಿನ ಹಾಗೆ ಉರುಳಿತು. 160ರಲ್ಲಿ ಹೀಗಾಗಿರಲಿಲ್ಲ.

ಆದರೆ ಅಂಚಿನಲ್ಲಿ ಬರೀ 165. ನಡುವಿನ ದೋಸೆ ಏಳುವಾಗ ಅಂಚು ಇನ್ನೂ ಒದ್ದೆ ಇದ್ದದ್ದು ಇದಕ್ಕೇ. ನಾಳೆ ದೊಡ್ಡ ಬರ್ನರ್ ಮೇಲೆ ಇಟ್ಟು ನೋಡಬೇಕು, ಅಕ್ಕಿ ನೆನೆಹಾಕಿದ್ದೇನೆ.