ಕಂಬ ಇನ್ನೂ ಅಲ್ಲೇ ಇದೆ

16 ಅಕ್ಟೋಬರ್ 2024, ಬುಧವಾರ

ರೇಸ್ ಕಾರು ಚಾಲಕ ಡ್ಯಾನ್ ವೆಲ್ಡನ್ ತೀರಿಕೊಂಡು ಇವತ್ತಿಗೆ 13 ವರ್ಷ. 2011ರ ಇದೇ ದಿನ, ಭಾನುವಾರ, ಲಾಸ್ ವೇಗಸ್ ಮೋಟರ್ ಸ್ಪೀಡ್‌ವೇಯಲ್ಲಿ ಅಮೆರಿಕದ ಕಾರ್ ರೇಸ್ ಸರಣಿ ಇಂಡಿಕಾರ್‌ನ ಆ ಋತುವಿನ ಕೊನೆಯ ರೇಸು ನಡೆಯುತ್ತಿತ್ತು. 11ನೇ ಸುತ್ತಿನ ಎರಡನೇ ತಿರುವಿನಲ್ಲಿ 15 ಕಾರುಗಳು ಒಂದರ ಮೇಲೊಂದು ಬಿದ್ದವು. ಅದೇ ವರ್ಷ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್ 500 ರೇಸನ್ನು ಎರಡನೇ ಸಲ ಗೆದ್ದಿದ್ದ ವೆಲ್ಡನ್‌ಗೆ ಆಗ 33 ವರ್ಷ.

ಅದನ್ನು ದುರದೃಷ್ಟ ಎಂದು ಕರೆದು ಮುಗಿಸಿಬಿಡುವುದನ್ನು ಒಪ್ಪಲಾರೆ. ಲೆಕ್ಕ ಹಾಕಿ ನೋಡಿ. ಟ್ರ್ಯಾಕಿನ ಉದ್ದ 2.4 ಕಿಲೋಮೀಟರ್, ಓಡಿದ್ದು 34 ಕಾರು. ಸಮನಾಗಿ ಹಂಚಿದರೆ ಒಂದು ಕಾರಿನ ಪಾಲಿಗೆ ಬರುವುದು ಸುಮಾರು 70 ಮೀಟರ್. ಇಂಡಿಯಾನಾಪೊಲಿಸ್‌ನಲ್ಲಿ 4 ಕಿಲೋಮೀಟರಿಗೆ 33 ಕಾರು, ಅಂದರೆ ತಲಾ 120 ಮೀಟರ್. ಗಂಟೆಗೆ 360 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 100 ಮೀಟರ್ ಓಡುತ್ತದೆ. 70 ಮೀಟರ್ ಎಂದರೆ ಮುಕ್ಕಾಲು ಸೆಕೆಂಡೂ ಇಲ್ಲ. ಅದೂ ಕಾರುಗಳು ಸಮನಾಗಿ ಹಂಚಿಕೊಂಡಿದ್ದರೆ. ಅವು ಹಾಗೆ ಹಂಚಿಕೊಳ್ಳಲು ಸಾಧ್ಯವೇ ಇರಲಿಲ್ಲ.

ಕಾರಣ ಡೌನ್‌ಫೋರ್ಸ್, ಅಂದರೆ ಓಡುವಾಗ ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ. ತಿರುವುಗಳು 20 ಡಿಗ್ರಿವರೆಗೆ ಓರೆ. ರೆಕ್ಕೆಗಳು ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಬಲಕ್ಕೆ ಹೋಲಿಸಿದರೆ ಎಂಜಿನ್ನಿನ ಶಕ್ತಿ ಕಡಿಮೆ. ಹಾಗಾಗಿ ಇಡೀ ಸುತ್ತು ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕಾಗಿಯೇ ಇಲ್ಲ. ಎಲ್ಲರೂ ಪೂರ್ತಿ ಒತ್ತಿದ್ದಾರೆ ಎಂದ ಮೇಲೆ ಚಾಲಕನ ಕೈಚಳಕಕ್ಕೆ ಬೆಲೆ ಉಳಿಯುವುದಿಲ್ಲ; ಮುಂದಿನವನು ಸೀಳಿದ ಗಾಳಿಯ ಹಿಂದೆ ಹಿಂದಿನವನು ಎಳೆದುಕೊಂಡು ಬರುತ್ತಾನೆ, ಯಾರೂ ಯಾರಿಂದಲೂ ಬಿಡಿಸಿಕೊಳ್ಳಲಾರರು. ಇದೇ ಪ್ಯಾಕ್ ರೇಸಿಂಗ್. ಒಳಅಂಚಿನಿಂದ ಗೋಡೆಯವರೆಗೆ ಎಲ್ಲಿ ಬೇಕಾದರೂ ಓಡಿಸಬಹುದಾದ ಆ ಟ್ರ್ಯಾಕು ಇದನ್ನು ಇನ್ನಷ್ಟು ಹದಗೆಡಿಸಿತು. ಇದರ ಮೇಲೆ, ಕಟ್ಟಕಡೆಯ ಸ್ಥಾನದಿಂದ ಹೊರಟು ಗೆದ್ದರೆ ವೆಲ್ಡನ್‌ಗೂ ಒಬ್ಬ ಅಭಿಮಾನಿಗೂ ಸೇರಿ 50 ಲಕ್ಷ ಡಾಲರ್ ಬಹುಮಾನ ಎಂಬ ಷರತ್ತು ಬೇರೆ. 34ನೆಯವನಾಗಿ ಹೊರಟವನು 11ನೇ ಸುತ್ತಿಗೆ 24ನೇ ಸ್ಥಾನಕ್ಕೆ ಬಂದಿದ್ದ.

ಓಪನ್ ವೀಲ್ ಕಾರಿನ, ಅಂದರೆ ಚಕ್ರಗಳಿಗೆ ಹೊದಿಕೆಯಿಲ್ಲದ ಕಾರಿನ ಹುಟ್ಟುದೋಷ ಕಾಣುವುದು ಚಕ್ರ ಚಕ್ರಕ್ಕೆ ತಾಗಿದಾಗ. ಓಡುವ ಕಾರಿನ ಚಕ್ರದ ಹಿಂಬದಿ ಮೇಲಕ್ಕೆ ತಿರುಗುತ್ತಿರುತ್ತದೆ. ಹಿಂದಿನ ಕಾರಿನ ಮುಂಚಕ್ರ ಅದಕ್ಕೆ ತಾಗಿದರೆ ಏಣಿ ಹತ್ತಿದಂತೆ ಮೇಲೇಳುತ್ತದೆ. ಹೊಟ್ಟೆಯಡಿಗೆ ಗಾಳಿ ನುಗ್ಗಿದರೆ ಡೌನ್‌ಫೋರ್ಸ್ ಇಲ್ಲವಾಗಿ ಕಾರು ಹಾರುತ್ತದೆ. ವೆಲ್ಡನ್ ವೇಗವನ್ನು ಗಂಟೆಗೆ 360ರಿಂದ ಸುಮಾರು 265 ಕಿ.ಮೀ.ಗೆ ಇಳಿಸಿದ್ದ, ಅಂದರೆ ಕಾರಿನ ಚಲನಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ ಕಳೆದಿತ್ತು. ಆದರೂ ಕಾರು ಸುಮಾರು 100 ಮೀಟರ್ ದೂರ ಹಾರಿ ಗೋಡೆಯ ಮೇಲಿನ ಬೇಲಿಗೆ ಬಡಿಯಿತು. ಬೇಲಿಯ ಕಂಬ ಚಾಲಕ ಕೂರುವ ಕಾಕ್‌ಪಿಟ್ಟಿನ ಅಂಚನ್ನು ಸೀಳಿಕೊಂಡು ಹೋಗಿ ಅವನ ತಲೆಗೆ ಬಡಿಯಿತು. ಉಳಿದ ಚಾಲಕರು ರೇಸನ್ನು ಮುಂದುವರಿಸಲಿಲ್ಲ. ಮೂರು ಮೂರು ಕಾರುಗಳ ಸಾಲಿನಲ್ಲಿ ಐದು ಸುತ್ತು ನಿಧಾನವಾಗಿ ಬಂದು ಗೌರವ ಸಲ್ಲಿಸಿದರು.

ಆಮೇಲೆ ಏನು ಬದಲಾಯಿತು? ಮುಂದಿನ ವರ್ಷಕ್ಕೆ ಬರಬೇಕಿದ್ದ ಡಲಾರಾ ಕಾರನ್ನು ಪರೀಕ್ಷಿಸಿ ಓಡಿಸಿದವನೇ ವೆಲ್ಡನ್. ಅದಕ್ಕೆ ಡಿಡಬ್ಲ್ಯೂ12 ಎಂದು ಅವನ ಹೆಸರನ್ನೇ ಇಟ್ಟರು. ಕಾರಿನ ಅಡಿಯ ನೆಲಹಲಗೆ ಅಗಲವಾಯಿತು, ಚಕ್ರ ಏರದಿರಲೆಂದು ಹಿಂಚಕ್ರಗಳ ಹಿಂದೆ ಬಂಪರಿನಂಥ ಕವಚ ಬಂತು. ಆದರೆ ಆ ಕವಚ ಸಣ್ಣ ತಾಗಾಟಕ್ಕೂ ಮುರಿದು ಚೂರುಗಳು ಟ್ರ್ಯಾಕಿನ ಮೇಲೆ ಚೆಲ್ಲುತ್ತಿದ್ದವು. 2018ರ ಹೊಸ ಏರೋ ಕಿಟ್ಟಿನಲ್ಲಿ (ರೆಕ್ಕೆ ಮತ್ತು ಹೊರಮೈಯ ಭಾಗಗಳ ಜೋಡಣೆ) ಅದನ್ನು ತೆಗೆದೇ ಹಾಕಿದರು. ಆ ಕಿಟ್ಟಿನ ನಿಜವಾದ ಒಳ್ಳೆಯದು ಬೇರೆ ಇದೆ: ಒಟ್ಟು ಡೌನ್‌ಫೋರ್ಸ್ ಇಳಿಯಿತು, ಉಳಿದುದರಲ್ಲಿ ಹೆಚ್ಚಿನ ಪಾಲು ರೆಕ್ಕೆಯಿಂದ ನೆಲಹಲಗೆಗೆ ಹೋಯಿತು. ಚಾಲಕ ತಿರುವಿನಲ್ಲಿ ಕಾಲೆತ್ತಲೇಬೇಕಾದರೆ ಗುಂಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ನನ್ನ ಮಟ್ಟಿಗೆ ಯಾವ ಕವಚಕ್ಕಿಂತಲೂ ಇದು ದೊಡ್ಡ ಸುರಕ್ಷೆ.

2015ರ ಆಗಸ್ಟ್‌ನಲ್ಲಿ ಪೊಕೊನೋ ಟ್ರ್ಯಾಕಿನಲ್ಲಿ ಬೇರೊಂದು ಕಾರಿನಿಂದ ಮುರಿದು ಬಂದ ಮೂತಿಯ ತುಂಡು ಚಾಲಕ ಜಸ್ಟಿನ್ ವಿಲ್ಸನ್ ತಲೆಗೆ ಬಡಿದು ಆತ ಮರುದಿನ ತೀರಿಕೊಂಡ. ತೆರೆದ ಕಾಕ್‌ಪಿಟ್ಟಿನ ವಾದ ಅಲ್ಲಿಗೇ ಮುಗಿಯಬೇಕಿತ್ತು. ಫಾರ್ಮುಲಾ 1ಕ್ಕೆ ಚಾಲಕನ ತಲೆ ಕಾಯುವ ಹೇಲೋ ಚೌಕಟ್ಟು ಬಂದದ್ದು 2018ರಲ್ಲಿ, ಇಂಡಿಕಾರ್‌ಗೆ ಏರೋಸ್ಕ್ರೀನ್ ಬಂದದ್ದು 2020ರಲ್ಲಿ: ಟೈಟಾನಿಯಂ ಚೌಕಟ್ಟು, ಅದಕ್ಕೆ ಪದರ ಪದರವಾದ ಪಾಲಿಕಾರ್ಬೊನೇಟ್ ಗಾಜು. 2023ರ ಇಂಡಿಯಾನಾಪೊಲಿಸ್‌ನಲ್ಲಿ ಕೈಲ್ ಕರ್ಕ್‌ವುಡ್ ಕಾರು ತಲೆಕೆಳಗಾಗಿ ಜಾರಿಕೊಂಡು ಹೋದರೂ ಆತ ಎದ್ದು ಬಂದ. ಆದರೆ ಅದೇ ಅಪಘಾತದಲ್ಲಿ ಅವನ ಕಾರಿನ ಹಿಂಚಕ್ರ ಕಳಚಿ, ಬೇಲಿ ದಾಟಿ, ಗ್ಯಾಲರಿಯ ಆಚೆ ನಿಲ್ಲಿಸಿದ್ದ ಕಾರೊಂದರ ಮೇಲೆ ಬಿತ್ತು. ಜನರ ನಡುವೆ ಬಿದ್ದಿದ್ದರೆ? ಈ ವರ್ಷಕ್ಕೆ ಹಿಂಚಕ್ರದ ಬೇರಿಂಗನ್ನು ಹಿಡಿದಿಡುವ ನಟ್ಟನ್ನು ಬಲಪಡಿಸಿದರು.

ಬೇಲಿ ಮಾತ್ರ ಹಾಗೇ ಇದೆ. ಗೋಡೆಗೆ 2002ರಿಂದ ಸೇಫರ್ ಬ್ಯಾರಿಯರ್ ಇದೆ. ಉಕ್ಕಿನ ಕೊಳವೆಗಳ ಹಿಂದೆ ಫೋಮ್, ಬಡಿದರೆ ಒಳಕ್ಕೆ ಬಗ್ಗುತ್ತದೆ. ಅದರ ಮೇಲೆ ಅದೇ ಕಂಬ, ಅದೇ ತಂತಿ, ಅದೇ ಜಾಲರಿ. ಪ್ರೇಕ್ಷಕರನ್ನು ಕಾಯಲು ಅದು ಸರಿಯಾಗಿದೆ. ಹಾರಿ ಬಂದ ಕಾರಿಗೆ ಜಾಲರಿ ಹಲ್ಲಿನಂತೆ ಕಚ್ಚಿಕೊಳ್ಳುತ್ತದೆ, ಕಂಬ ಕೊಡಲಿಯಂತೆ ಬೀಳುತ್ತದೆ. 2003ರಲ್ಲಿ ಟೆಕ್ಸಸ್‌ನಲ್ಲಿ ಕೆನ್ನಿ ಬ್ರ್ಯಾಕ್ ಕಾರು ಬೇಲಿಗೆ ಬಡಿದಾಗ ದಾಖಲಾದದ್ದು 214 ಜಿ, ಅಂದರೆ ಭೂಮಿಯ ಗುರುತ್ವದ 214 ಪಟ್ಟು. ಆತ ಬದುಕಿದ್ದೇ ಹೆಚ್ಚು. 2018ರಲ್ಲಿ ಪೊಕೊನೋ ಬೇಲಿಗೆ ಬಡಿದ ರಾಬರ್ಟ್ ವಿಕೆನ್ಸ್‌ಗೆ ಬೆನ್ನುಹುರಿಯ ಪೆಟ್ಟಾಯಿತು.

ಇಂಡಿಕಾರ್ ಕಂಡುಕೊಂಡ ದಾರಿ ಟ್ರ್ಯಾಕುಗಳನ್ನೇ ಬಿಡುವುದು. 2011ರ ನಂತರ ಲಾಸ್ ವೇಗಸ್ ಇಲ್ಲ, 2019ರ ನಂತರ ಪೊಕೊನೋ ಇಲ್ಲ, ಈ ವರ್ಷ ಟೆಕ್ಸಸ್ಸೂ ಇಲ್ಲ. ಇದು ತಪ್ಪಲ್ಲ, ಆದರೆ ಪೂರ್ತಿ ಉತ್ತರವೂ ಅಲ್ಲ. ಇಂಡಿಯಾನಾಪೊಲಿಸ್ಸನ್ನು ಯಾರೂ ಬಿಡುವುದಿಲ್ಲ. ಜುಲೈನಲ್ಲಿ ಬಂದ ಹೈಬ್ರಿಡ್ ಘಟಕದಿಂದ ಕಾರಿನ ತೂಕ ಬೇರೆ ಏರಿದೆ, ಅಂದರೆ ಅದೇ ವೇಗದಲ್ಲಿ ಬೇಲಿ ತಡೆಯಬೇಕಾದ ಶಕ್ತಿಯೂ ಏರಿದೆ.

ಕಂಬಗಳನ್ನು ಜಾಲರಿಯಿಂದ ಹಿಂದಕ್ಕೆ ಸರಿಸಬೇಕು; ಕಾರು ಬಡಿದಾಗ ಜಾಲರಿ ಹಿಗ್ಗಿದರೂ ಕಂಬ ಕಾರಿಗೆ ತಾಗದಷ್ಟು ಹಿಂದಕ್ಕೆ. ಟ್ರ್ಯಾಕಿನ ಕಡೆಗೆ ಕಾರು ಸಿಕ್ಕಿಕೊಳ್ಳದೆ ಜಾರುವಂಥ ನುಣುಪು ಮೈ ಬೇಕು. ಹೀಗೆ ಮಾಡಿದರೆ ಬೇಲಿಯ ದಪ್ಪ ಹೆಚ್ಚುತ್ತದೆ, ಮುಂದಿನ ಕೆಲವು ಸಾಲು ಸೀಟುಗಳು ಹೋಗುತ್ತವೆ, ನೋಟಕ್ಕೂ ಸ್ವಲ್ಪ ಅಡ್ಡಿ. ಆ ಸಾಲುಗಳನ್ನು ಮೊದಲು ಇಂಡಿಯಾನಾಪೊಲಿಸ್‌ನ ನಾಲ್ಕು ತಿರುವುಗಳ ಹೊರಅಂಚಿನಲ್ಲಿ ತೆಗೆಯಲಿ.